ಬಾಗಲಕೋಟೆಯ ಜ್ಯೋತಿರ್ವಿದ ವೆಂಕಟೇಶ ಬಾಪೂಜಿ ಕೇತಕರರು

ಮಹಾಕೂಟದ ಸುತ್ತಲಿನ ಹಳ್ಳಿಗಳಲ್ಲಿ ಬೇಸಗೆಯ ರಾತ್ರಿ ಅಂಗಳದಲ್ಲಿ ಮಲಗುವ ರೂಢಿಯುಳ್ಳವರು ಒಂದು ಸಂಗತಿಯನ್ನು ಕಂಡಿರಲಿಕ್ಕೇ ಬೇಕು. ಸೂರ್ಯಾಸ್ತವಾಗಿ ಒಂದೆರಡು ತಾಸಿನೊಳಗೆ, ಪಡುವಣ ದಿಕ್ಕಿನಿಂದ ಮೇಲೆದ್ದು ಮೂಡಣದತ್ತ ಬೆಳಕಿನ ಬಿಂದುವೊಂದು ಸಾಗಿಬರುತ್ತದೆ. ನಕ್ಷತ್ರದಂತೆ ಅದು ಮಿನುಗುವುದಿಲ್ಲ. ವಿಮಾನದಂತೆ ಕೆಂಪು ಹಸುರು ದೀಪಗಳನ್ನು ಮಿಟುಕಿಸುವುದಿಲ್ಲ. ಸದ್ದಂತೂ ಇಲ್ಲವೇ ಇಲ್ಲ. ನಾಲ್ಕಾರು ನಿಮಿಷ ನಡೆದು, ಆಕಾಶದ ನಡುವೆಯೇ, ಯಾರೋ ಬಾಯಿಂದ ಊದಿದಂತೆ ಆರಿಹೋಗುತ್ತದೆ. ಅದು ಉಲ್ಕೆಯಲ್ಲ, ಧೂಮಕೇತುವೂ ಅಲ್ಲ. ಮನುಷ್ಯನು ತನ್ನ ಕೈಯಾರೆ ಮಾಡಿ ಮೇಲಕ್ಕೆ ಕಳುಹಿದ ಉಪಗ್ರಹವದು. ಅದಕ್ಕೆ ಸ್ವಂತ ಬೆಳಕಿಲ್ಲ. ಕೆಳಗೆ ನಮಗೆ ಕತ್ತಲಾಗಿದ್ದರೂ ನೂರಾರು ಕಿಲೋಮೀಟರ್ ಎತ್ತರದಲ್ಲಿ ಅದಕ್ಕಿನ್ನೂ ಬಿಸಿಲಿರುತ್ತದೆ. ಆ ಬಿಸಿಲೇ ಅದರ ಮೈಮೇಲೆ ಬಿದ್ದು ನಮ್ಮ ಕಣ್ಣಿಗೆ ಮರಳುತ್ತದೆ. ಭೂಮಿಯ ನೆರಳನ್ನು ಹೊಕ್ಕ ಕ್ಷಣದಲ್ಲಿ ಅದಕ್ಕೆ ಗ್ರಹಣ. ಚಂದ್ರನಿಗೆ ವರ್ಷಕ್ಕೆ ಒಂದೆರಡು ಸಲ ಸಂಭವಿಸುವುದು ಇದಕ್ಕೆ ದಿನಕ್ಕೆ ಹದಿನೈದಾರು ಸಲ ಸಂಭವಿಸುತ್ತದೆ.

ಮೊದಲನೆಯ ಕೃತಕ ಉಪಗ್ರಹವಾದ ಸ್ಪುಟ್ನಿಕ್ ಮೇಲೇರಿದ್ದು 1957ರ ಅಕ್ಟೋಬರ 4ರಂದು. ಆಗ ಜಗತ್ತಿನ ಜನರು ಬರಿಗಣ್ಣಿನಿಂದ ಕಂಡದ್ದು ಬಹುಮಟ್ಟಿಗೆ ಅದರೊಂದಿಗೆ ಸುತ್ತುತ್ತಿದ್ದ ರಾಕೆಟ್ಟಿನ ದೊಡ್ಡ ಹೊರಕವಚವನ್ನೇ ಹೊರತು ಆ ಸಣ್ಣ ಗೋಳವನ್ನಲ್ಲ. ಇಂದು ಎಲ್ಲಕ್ಕಿಂತ ಪ್ರಕಾಶಮಾನವಾಗಿ ತೋರುವುದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ತಾಸಿಗೆ ಸುಮಾರು 28,000 ಕಿಲೋಮೀಟರ್ ವೇಗದಿಂದ, ಒಂದೂವರೆ ತಾಸಿಗೊಮ್ಮೆ ಅದು ಭೂಮಿಯನ್ನು ಸುತ್ತಿಬರುತ್ತದೆ. ತಲೆಯ ಮೇಲೆಯೇ ಹಾದುಹೋದರೆ ಶುಕ್ರನಿಗೆ ಸರಿಸಾಟಿಯಾಗಿ ಬೆಳಗುವುದುಂಟು. ಅದು ಯಾವ ಊರಿನ ಮೇಲೆ, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಯಾವ ದಿಕ್ಕಿನಲ್ಲಿ ತೋರೀತೆಂಬುದನ್ನು ಗಣಿತಜ್ಞರು ಮುಂಚಿತವಾಗಿಯೇ ಹೇಳಿಡುತ್ತಾರೆ. ಆ ಹೊತ್ತಿಗೆ ಹೊರಗೆ ಬಂದು ಕತ್ತೆತ್ತಿದರೆ ಅದು ಅಲ್ಲಿ ಇರುತ್ತದೆ. ಹೇಳಿದ ಗಣಿತಕ್ಕೂ ಕಂಡ ಕಣ್ಣಿಗೂ ಹೀಗೆ ತಾಳೆ ಬೀಳುವುದನ್ನೇ ನಮ್ಮ ಶಾಸ್ತ್ರಕಾರರು ದೃಕ್ಪ್ರತ್ಯಯವೆಂದು ಕರೆದರು. ಆ ಒಂದು ಮಾತಿಗಾಗಿ ತಮ್ಮ ಆಯುಷ್ಯವನ್ನೇ ಸವೆಸಿದ ಒಬ್ಬ ಶಾಲಾ ಅಧ್ಯಾಪಕರು ಈ ಮಹಾಕೂಟದಿಂದ ಒಂದು ದಿನದ ನಡಿಗೆಯಷ್ಟೇ ದೂರದ ಬಾಗಲಕೋಟೆಯಲ್ಲಿ ಇದ್ದರು. ಅವರೇ ವೆಂಕಟೇಶ ಬಾಪೂಜಿ ಕೇತಕರರು. ಅವರ ಹೆಸರನ್ನು ಪಂಚಾಂಗ ಬಲ್ಲವರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಆದರೆ ಅವರು ಬಾಳಿದ ಜಿಲ್ಲೆಯ ಮಕ್ಕಳ ಪಠ್ಯಪುಸ್ತಕಗಳಲ್ಲಿ ಆ ಹೆಸರನ್ನು ಕಾಣುವುದು ದುರ್ಲಭ. ಆದುದರಿಂದ ಅವರ ಜೀವನವೃತ್ತಾಂತವನ್ನು ನಮ್ಮ ವಿದ್ಯಾರ್ಥಿಗಳಿಗಾಗಿ ಇಲ್ಲಿ ಬರೆಯಲಾಗಿದೆ.

ಕೇತಕರರು ಹುಟ್ಟಿದ್ದು 1854ರ ಜನವರಿ 18ರಂದು, ಶಾಲಿವಾಹನ ಶಕ 1775ರಲ್ಲಿ, ನರಗುಂದದಲ್ಲಿ. ತಂದೆ ಬಾಪೂ ಶಾಸ್ತ್ರಿಗಳು ಜ್ಯೋತಿಷ ಬಲ್ಲವರು. ಮನೆಯಲ್ಲಿ ಸಂಸ್ಕೃತ, ಮನೆಮಾತು ಮರಾಠಿ, ಬೀದಿಯ ಮಾತು ಕನ್ನಡ. ಆ ಕಾಲದ ನರಗುಂದ ಒಂದು ಚಿಕ್ಕ ಸಂಸ್ಥಾನದ ರಾಜಧಾನಿ. ಮಗುವಿಗೆ ನಾಲ್ಕು ವರ್ಷ ತುಂಬಿದ ಹೊತ್ತಿಗೆ, 1858ರಲ್ಲಿ, ಅಲ್ಲಿಯ ಬಾಬಾಸಾಹೇಬ ಭಾವೆ ಬ್ರಿಟಿಷರ ಮೇಲೆ ತಿರುಗಿಬಿದ್ದರು, ಕೋಟೆ ಶತ್ರುವಶವಾಯಿತು, ಬಾಬಾಸಾಹೇಬರನ್ನು ಅದೇ ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಸಂಸ್ಥಾನವೇ ಅಳಿದ ಮೇಲೆ ಸಂಸ್ಥಾನದ ಆಶ್ರಯವನ್ನು ನಂಬಿದ್ದ ಶಾಸ್ತ್ರವಿದ್ಯೆಗಳಿಗೆ ನೆಲೆ ಎಲ್ಲಿಯದು? ಆ ಪೀಳಿಗೆಯ ಅನೇಕ ಶಾಸ್ತ್ರಿಗಳ ಮಕ್ಕಳು ಹೊಟ್ಟೆಪಾಡಿಗಾಗಿ ಸರಕಾರಿ ಶಾಲೆಗಳಲ್ಲಿ ಮಾಸ್ತರಿಕೆಗೆ ನಿಂತರು. ಕೇತಕರರ ದಾರಿಯೂ ಅದೇ ಆಯಿತು. ಇಂಗ್ಲಿಷ್ ಕಲಿತರು, ಮುಂಬಯಿ ಇಲಾಖೆಯ ಶಿಕ್ಷಣ ಖಾತೆಯಲ್ಲಿ ಅಧ್ಯಾಪಕರಾದರು, ಬಾಗಲಕೋಟೆಯಲ್ಲಿ ನೆಲೆನಿಂತರು. ಉದ್ಯೋಗದ ವಿಷಯವಾಗಿ ಇದಕ್ಕಿಂತ ಹೆಚ್ಚು ಹೇಳುವ ಅವಶ್ಯಕತೆ ಕಾಣುವುದಿಲ್ಲ. ಹಗಲು ಹುಡುಗರಿಗೆ ಪಾಠ, ರಾತ್ರಿ ಗಣಿತ.

ಕೇತಕರರು ಹದಿನಾಲ್ಕು ವರ್ಷದವರಾಗಿದ್ದಾಗ, 1868ರ ಆಗಸ್ಟ್ 18ರಂದು, ನಮ್ಮ ಈ ಸೀಮೆಯ ಮೇಲೆ ಖಗ್ರಾಸ ಸೂರ್ಯಗ್ರಹಣವಾಯಿತು. ನೆರಳಿನ ಪಟ್ಟಿ ವಿಜಾಪುರ ಜಮಖಂಡಿಗಳ ಮೇಲಿಂದ ಹಾದು ಗುಂಟೂರಿನ ಕಡೆಗೆ ಸರಿಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸನ್ ಎಂಬ ವಿದ್ವಾಂಸ ನಿಂತಿದ್ದ. ಜಮಖಂಡಿಯಲ್ಲಿ ಮಳೆಗಾಲದ ಮೋಡಗಳ ನಡುವೆ ಸೂರ್ಯನನ್ನು ಹುಡುಕುತ್ತ ನಿಂತಿದ್ದವನು ಜಾನ್ ಹರ್ಷಲ್ ಎಂಬ ತರುಣ ಸೈನ್ಯಾಧಿಕಾರಿ. ಸೂರ್ಯಬಿಂಬದ ಅಂಚಿನಲ್ಲಿ ಏಳುವ ಕೆಂಜ್ವಾಲೆಗಳು ಉರಿಯುವ ಅನಿಲದಿಂದಾದವು ಎಂಬುದು ಅಂದಿನ ವೀಕ್ಷಣೆಗಳಿಂದ ಸ್ಥಿರಪಟ್ಟಿತು. ಈ ಹರ್ಷಲನ ಅಜ್ಜನೇ 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷಲ್. ಶನಿಯಾಚೆಗೆ ಗ್ರಹವೇ ಇಲ್ಲವೆಂದು ಸಾವಿರಾರು ವರ್ಷ ನಂಬಿದ್ದ ಜಗತ್ತಿಗೆ ಆ ಅಜ್ಜ ಒಂದು ಗ್ರಹವನ್ನು ಕೊಟ್ಟ. ಮೊಮ್ಮಗ ನಮ್ಮ ಜಮಖಂಡಿಗೆ ಬಂದು ಸೂರ್ಯನ ಜ್ವಾಲೆಯನ್ನು ಅಳೆದ. ಅದೇ ಸೀಮೆಯ ಮಾಸ್ತರರೊಬ್ಬರು ಮುಂದೆ ಯುರೇನಸ್ಸಿನ ಗತಿಯನ್ನು ಹಿಡಿದು ಇನ್ನೂ ಆಚೆಗಿನ ಗ್ರಹವನ್ನು ಅರಸಿದರು. ಇದು ಕಾಕತಾಳೀಯವೆಂದೇ ಇಟ್ಟುಕೊಂಡರೂ ನೆನೆದಾಗ ಮನಸ್ಸಿಗೆ ಹಿತವಾಗುತ್ತದೆ.

ಇನ್ನು ಅವರ ಕಾಲದಲ್ಲಿ ಪಂಚಾಂಗ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ತಿಳಿಯದೆ ಅವರ ಹಿರಿಮೆ ಅರ್ಥವಾಗಲಾರದು. ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಬಹುಪಾಲು ಪಂಚಾಂಗಗಳು ಗಣೇಶ ದೈವಜ್ಞನ ಗ್ರಹಲಾಘವದಿಂದ ಸಿದ್ಧವಾಗುತ್ತಿದ್ದವು. ಅದು 1520ರ ಗ್ರಂಥ. ಗಣೇಶ ದೈವಜ್ಞನು ಅಸಾಧಾರಣ ಪ್ರತಿಭಾವಂತ; ಜ್ಯಾ ಕೋಷ್ಟಕಗಳ ಗೊಡವೆಯಿಲ್ಲದೆ ಗ್ರಹಗಳನ್ನು ತರುವ ಸುಲಭೋಪಾಯವನ್ನು ಕಲ್ಪಿಸಿದವನು. ತನ್ನ ಕಾಲಕ್ಕೆ ಅವನ ಗಣಿತ ಆಕಾಶಕ್ಕೆ ಸರಿಹೊಂದುತ್ತಿತ್ತು. ಆದರೆ ಗಣಿತದ ಮೂಲಾಂಕಗಳಿಗೂ ವಯಸ್ಸಾಗುತ್ತದೆ. ವರ್ಷಕ್ಕೆ ಎಳ್ಳಷ್ಟು ತಪ್ಪಿದರೂ ಮುನ್ನೂರೈವತ್ತು ವರ್ಷಕ್ಕೆ ಅದು ಅಂಶಗಳಾಗಿ ಬೆಳೆಯುತ್ತದೆ. ಈ ಮಾತನ್ನು ಇಂದಿನ ವಿದ್ಯಾರ್ಥಿಗಳಿಗೆ ಉಪಗ್ರಹದ ದೃಷ್ಟಾಂತದಿಂದ ತಿಳಿಸುವುದು ಸುಲಭ. ಬಾಹ್ಯಾಕಾಶ ನಿಲ್ದಾಣದ ಕಕ್ಷೆಯ ಅಂಕಗಳನ್ನು ಇಂದು ಬರೆದುಕೊಂಡು, ಅವುಗಳಿಂದಲೇ ಆರು ತಿಂಗಳ ಬಳಿಕದ ದರ್ಶನಕಾಲವನ್ನು ಗಣಿಸಿ ಹೊರಗೆ ಹೋಗಿ ನಿಂತರೆ ಆಕಾಶ ಬರಿದಾಗಿರುತ್ತದೆ. ಅಷ್ಟು ಎತ್ತರದಲ್ಲಿಯೂ ಇರುವ ಅತಿ ವಿರಳವಾದ ಗಾಳಿ ಅದನ್ನು ತಡೆಯುತ್ತದೆ, ಕಕ್ಷೆ ಕುಗ್ಗುತ್ತದೆ, ಆಗಾಗ ಯಂತ್ರದ ಬಲದಿಂದ ಅದನ್ನು ಮೇಲಕ್ಕೆತ್ತುತ್ತಾರೆ. ಆದುದರಿಂದ ಅಂಕಗಳನ್ನು ಹೊಸದಾಗಿ ಅಳೆದು ತಿದ್ದುತ್ತಲೇ ಇರಬೇಕು. ಉಪಗ್ರಹಕ್ಕೆ ದಿನಗಳಲ್ಲಿ ಆಗುವುದು ಗ್ರಹಕ್ಕೆ ಶತಮಾನಗಳಲ್ಲಿ ಆಗುತ್ತದೆ, ಕಾರಣ ಮಾತ್ರ ಬೇರೆ. ಇಂಥ ತಿದ್ದುಪಡಿಗೆ ನಮ್ಮ ಹಿಂದಿನವರು ಬೀಜಸಂಸ್ಕಾರವೆಂದು ಹೆಸರಿಟ್ಟರು, ಕಾಲಕಾಲಕ್ಕೆ ಮಾಡಿದರು ಕೂಡ. ಗಣೇಶ ದೈವಜ್ಞನು ಮಾಡಿದ್ದೂ ಅದನ್ನೇ. ಅವನ ಹೆಸರಿನಲ್ಲಿ ಅದನ್ನು ನಿಲ್ಲಿಸಿದವರು ಅವನ ಅನುಯಾಯಿಗಳು.

ಚಂದ್ರನ ವಿಷಯ ಮತ್ತಷ್ಟು ಸೂಕ್ಷ್ಮ. ತಿಥಿಯೆಂಬುದು ಸೂರ್ಯಚಂದ್ರರ ಅಂತರದಿಂದ ಹುಟ್ಟುವುದು. ಹನ್ನೆರಡು ಅಂಶಕ್ಕೆ ಒಂದು ತಿಥಿ. ಹಳೆಯ ಸಿದ್ಧಾಂತಗಳು ಚಂದ್ರನಿಗೆ ಮಂದಫಲವೆಂಬ ಒಂದೇ ಸಂಸ್ಕಾರವನ್ನು ಕೊಟ್ಟವು. ಅದು ಹೆಚ್ಚೆಂದರೆ ಸುಮಾರು ಐದು ಅಂಶ. ನಿಜವಾಗಿ ಚಂದ್ರನಿಗೆ ಸೂರ್ಯನ ಸೆಳೆತದಿಂದಾಗುವ ಬೇರೆ ಸಂಸ್ಕಾರಗಳೂ ಉಂಟು. ಅವುಗಳಲ್ಲಿ ದೊಡ್ಡದು ಒಂದೂಕಾಲು ಅಂಶವನ್ನು ಮೀರುತ್ತದೆ. ಸ್ವಾರಸ್ಯವೆಂದರೆ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಈ ಸಂಸ್ಕಾರ ಮಂದಫಲದೊಳಗೇ ಕಳೆದುಹೋಗಿ ಹಳೆಯ ಐದು ಅಂಶವೇ ಸರಿಯಾಗಿ ನಿಲ್ಲುತ್ತದೆ. ಗ್ರಹಣಗಳು ಆಗುವುದೂ ಆ ದಿನಗಳಲ್ಲಿಯೇ. ಆದುದರಿಂದ ಹಳೆಯ ಪಂಚಾಂಗದಲ್ಲಿ ಗ್ರಹಣಗಳು ಹೆಚ್ಚುಕಡಿಮೆ ಸರಿಬಂದವು. ಜನರು ಇಡೀ ಪಂಚಾಂಗವೇ ಸರಿಯೆಂದು ನಂಬಿದರು. ತಪ್ಪು ಅಡಗಿದ್ದುದು ಅಷ್ಟಮಿಯ ಆಸುಪಾಸಿನಲ್ಲಿ. ಅಲ್ಲಿ ತಿಥಿ ಎಷ್ಟೋ ಘಳಿಗೆ ಮುಂದೆ ಹಿಂದೆ ಆಗುತ್ತಿತ್ತು, ಆದರೆ ಅದನ್ನು ಸಾರಿ ಹೇಳುವ ಗ್ರಹಣ ಅಂದು ಇರುತ್ತಿರಲಿಲ್ಲ. ಯಾವ ಪಂಚಾಂಗದವನೂ ಉದ್ದೇಶಪೂರ್ವಕವಾಗಿ ಮೋಸಮಾಡಲಿಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು.

ಕೇತಕರರಿಗಿಂತ ಮುಂಚೆ ಈ ದೋಷವನ್ನು ಕಂಡವರಿಲ್ಲವೆಂದಲ್ಲ. ಪುಣೆಯ ಕೇರೋ ಲಕ್ಷ್ಮಣ ಛತ್ರೆಯವರು 1860ರಲ್ಲಿ ಪಾಶ್ಚಾತ್ಯ ಗಣಿತವನ್ನನುಸರಿಸಿ ಗ್ರಹಸಾಧನೆಯ ಕೋಷ್ಟಕಗಳನ್ನು ಮರಾಠಿಯಲ್ಲಿ ಪ್ರಕಟಿಸಿದರು; ಅವುಗಳ ಆಧಾರದಿಂದ 1865ರ ಸುಮಾರಿಗೆ ಪಟವರ್ಧನಿ ಪಂಚಾಂಗ ಹೊರಟಿತು. ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ ಭಾರತೀಯ ಜ್ಯೋತಿಷಶಾಸ್ತ್ರದ ಇತಿಹಾಸವನ್ನೇ ಬರೆದರು. ಇವರೂ ಶಾಲಾ ಅಧ್ಯಾಪಕರೇ. ಕೇತಕರರ ವೈಶಿಷ್ಟ್ಯವೆಂದರೆ ಹೊಸ ಗಣಿತವನ್ನು ಹಳೆಯ ಪಾತ್ರೆಯಲ್ಲಿ ಎರೆದು ಕೊಟ್ಟದ್ದು. ಜೋಯಿಸನಿಗೆ ಇಂಗ್ಲಿಷ್ ಬಾರದು, ಪಾಶ್ಚಾತ್ಯರ ಕೋಷ್ಟಕಗಳು ಅವನ ಕೈಗೆ ದಕ್ಕವು, ದಕ್ಕಿದರೂ ಅವನ ಮನಸ್ಸು ಒಪ್ಪದು. ಅಹರ್ಗಣ, ಮಧ್ಯಮಗ್ರಹ, ಮಂದಫಲ, ಶೀಘ್ರಫಲ, ಅಯನಾಂಶ ಎಂಬ ತನ್ನ ಮಾತುಗಳಲ್ಲಿಯೇ, ತಾನು ಬಾಯಿಪಾಠ ಮಾಡಬಲ್ಲ ಸಂಸ್ಕೃತ ಪದ್ಯದಲ್ಲಿಯೇ ಅದು ಬಂದರೆ ಅವನು ಕೈಯಲ್ಲಿ ಹಿಡಿದಾನು. ಕೇತಕರರು ಜ್ಯೋತಿರ್ಗಣಿತ, ಕೇತಕೀ ಗ್ರಹಗಣಿತ, ವೈಜಯಂತೀ ಮೊದಲಾದ ಗ್ರಂಥಗಳನ್ನು ರಚಿಸಿದ್ದು ಈ ಉದ್ದೇಶದಿಂದ. ಫ್ರಾನ್ಸು, ಜರ್ಮನಿಗಳ ಖಗೋಳಜ್ಞರು ದೂರದರ್ಶಕದಿಂದ ಅಳೆದು ತೆಗೆದ ಅಂಕಗಳು ಬಾಗಲಕೋಟೆಯ ಒಬ್ಬ ಮಾಸ್ತರರ ಲೇಖನಿಯಿಂದ ಶ್ಲೋಕಗಳಾಗಿ ಹೊರಬಿದ್ದವು. ವ್ಯಾಕರಣ ಕಾವ್ಯಗಳಲ್ಲಿ ತಲೆ ನರೆಸಿಕೊಂಡ ನಮ್ಮಂಥವರಿಗೆ ಇದು ಎಷ್ಟು ಕಷ್ಟದ ಕೆಲಸವೆಂಬುದು ಊಹೆಗೆ ಬರುತ್ತದೆ. ದಶಮಾಂಶದ ಅಂಕಗಳನ್ನು ಛಂದಸ್ಸಿನ ಗಣಕ್ಕೆ ಕೂಡಿಸುವಾಗ ಗುರುಲಘುವೂ ತಪ್ಪಬಾರದು, ಗ್ರಹವೂ ತಪ್ಪಬಾರದು.

ವಿರೋಧ ಬಾರದೆ ಇರಲಿಲ್ಲ. ತಿಥಿಯೊಂದು ಹೆಚ್ಚೆಂದರೆ ಐದು ಘಳಿಗೆ ಬೆಳೆದೀತು, ಆರು ಘಳಿಗೆ ಕುಗ್ಗೀತು, ಅದರಾಚೆಗೆ ಹೋಗದೆಂಬುದು ಸಂಪ್ರದಾಯದ ನಿಯಮ. ಇದನ್ನು ಬಾಣವೃದ್ಧಿ ರಸಕ್ಷಯವೆನ್ನುತ್ತಾರೆ. ನಿಜವಾದ ಚಂದ್ರನನ್ನು ಗಣಿಸಿದರೆ ಏಳು ಘಳಿಗೆಯ ವೃದ್ಧಿಯೂ ಹತ್ತು ಘಳಿಗೆಯ ಕ್ಷಯವೂ ಬರುತ್ತವೆ. ಗ್ರಹಣಕ್ಕೆ ದೃಗ್ಗಣಿತವಿರಲಿ, ವ್ರತ ಉಪವಾಸ ಶ್ರಾದ್ಧಗಳಿಗೆ ಹಳೆಯ ತಿಥಿಯೇ ಸಾಕೆಂಬುದು ಒಂದು ಪಕ್ಷ. ಒಂದೇ ಚಂದ್ರನಿಗೆ ಎರಡು ಸ್ಥಾನಗಳಿರಲಾರವೆಂಬುದು ಕೇತಕರರ ಪಕ್ಷ. ಇದು ಬರಿಯ ಪಂಡಿತರ ಜಗಳವೆಂದು ಯಾರೂ ತಳ್ಳಿಹಾಕಬಾರದು. ಯಾವ ರಾತ್ರಿ ಶಿವರಾತ್ರಿ, ಯಾವ ದಿನ ಜಾತ್ರೆಯ ತೇರು, ಮದುವೆಯ ಮುಹೂರ್ತ ಯಾವ ಘಳಿಗೆಯಲ್ಲಿ ಎಂಬುದು ಊರೂರಿನ, ಮನೆಮನೆಯ ಪ್ರಶ್ನೆ. ಒಂದೇ ಊರಿನಲ್ಲಿ ಎರಡು ಪಂಚಾಂಗಗಳು ಬಂದರೆ ಎರಡು ದಿನ ಹಬ್ಬ. ಅಧಿಕಮಾಸವೇ ಬೇರೆಯಾದರೆ ತಿಂಗಳೇ ಅದಲುಬದಲು. ಮಠಗಳಿಗೂ ಗುಡಿಗಳಿಗೂ ಇದರ ಬಿಸಿ ತಟ್ಟದೆ ಇರಲಿಲ್ಲ.

ಅಧಿಕಮಾಸದ ಮಾತು ಬಂದುದರಿಂದ ಅಯನಾಂಶದ ವಾದವನ್ನೂ ಹೇಳಬೇಕು. ವಿಷುವಬಿಂದು ನಕ್ಷತ್ರಗಳ ನಡುವೆ ಹಿಂದಕ್ಕೆ ಸರಿಯುತ್ತದೆ, ಸುಮಾರು 72 ವರ್ಷಕ್ಕೆ ಒಂದು ಅಂಶದಂತೆ. ರಾಶಿಚಕ್ರದ ಆರಂಭವನ್ನು ನಕ್ಷತ್ರಕ್ಕೆ ಕಟ್ಟಿದರೆ ಯಾವ ನಕ್ಷತ್ರಕ್ಕೆ ಕಟ್ಟಬೇಕು? ರೇವತಿಯ ಯೋಗತಾರೆಯಿಂದ ಎಣಿಸಬೇಕೆಂದು ಲೋಕಮಾನ್ಯ ತಿಲಕರ ಕಡೆಯವರು. ಅವರ ಪಂಚಾಂಗ ಇಂದಿಗೂ ತಿಲಕ ಪಂಚಾಂಗವೆಂದು ಹೆಸರಾಗಿದೆ. ಚಿತ್ತಾ ನಕ್ಷತ್ರಕ್ಕೆ ನೇರ ಎದುರಿನ ಬಿಂದುವಿನಿಂದ ಎಣಿಸಬೇಕೆಂಬುದು ಚಿತ್ರಾಪಕ್ಷ. ಕೇತಕರರು ಅದರ ಧುರೀಣರು. ಎರಡಕ್ಕೂ ಸುಮಾರು ನಾಲ್ಕು ಅಂಶದ ಅಂತರ, ಎಂದರೆ ಸಂಕ್ರಾಂತಿಗೆ ನಾಲ್ಕು ದಿನದ ಅಂತರ. ತಿಲಕರಂಥ ಮಹಾಪುರುಷರ ಎದುರು, ದೇಶವೆಲ್ಲ ಅವರ ಮಾತಿಗೆ ತಲೆದೂಗುತ್ತಿದ್ದ ಕಾಲದಲ್ಲಿ, ಬಾಗಲಕೋಟೆಯ ಅಧ್ಯಾಪಕರು ತಮ್ಮ ಮತವನ್ನು ಬಿಡಲಿಲ್ಲ. ಕೇತಕರರ ವಾದದ ಬಲ ಆಕಾಶದಲ್ಲಿಯೇ ಇತ್ತು. ಚಿತ್ತಾ ಮೊದಲನೆಯ ದರ್ಜೆಯ ಪ್ರಕಾಶಮಾನ ತಾರೆ. ಹಳ್ಳಿಯ ಮಗುವೂ ಬೆರಳಿಟ್ಟು ತೋರಿಸಬಲ್ಲದು. ರೇವತಿಯ ತಾರೆಯಾದರೋ ಬೆಳುದಿಂಗಳಿನಲ್ಲಿ ಹುಡುಕಿದರೂ ಸಿಗದಷ್ಟು ಮಂದ. ಕಣ್ಣಿಗೆ ಕಾಣದ ಗುರುತುಗಲ್ಲನ್ನು ನಂಬಿ ಹೊಲದ ಮೇರೆಯನ್ನು ಯಾರು ಅಳೆಯುತ್ತಾರೆ? ನಮ್ಮ ಅಭಿಪ್ರಾಯದಲ್ಲಿ ಈ ವಾದದಲ್ಲಿ ಕೇತಕರರ ಕೈಯೇ ಮೇಲು. ಸ್ವಾತಂತ್ರ್ಯಾನಂತರ ಭಾರತ ಸರಕಾರವು 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. ಸಮಿತಿ 1955ರಲ್ಲಿ ವರದಿಯನ್ನೊಪ್ಪಿಸಿ, ಚಿತ್ತಾ ನಕ್ಷತ್ರವನ್ನೇ ಆಧಾರವಾಗಿಟ್ಟುಕೊಂಡು 1956ರ ಮಾರ್ಚ್ 21ಕ್ಕೆ ಅಯನಾಂಶ 23 ಅಂಶ 15 ಕಲೆ ಎಂದು ನಿರ್ಣಯಿಸಿತು. ಕೇತಕರರು ತೀರಿಕೊಂಡು ಆಗ ಇಪ್ಪತ್ತೈದು ವರ್ಷಗಳಾಗಿದ್ದವು.

ಅವರು ಪಂಚಾಂಗಕ್ಕಷ್ಟೇ ದುಡಿದವರಲ್ಲ. ನಕ್ಷತ್ರಗಳನ್ನು ಗುರುತಿಸಲು ಸಾಮಾನ್ಯ ಜನರಿಗೆ ನೆರವಾಗುವಂತೆ ಮರಾಠಿಯಲ್ಲಿ ನಕ್ಷತ್ರವಿಜ್ಞಾನವೆಂಬ ಪುಸ್ತಕವನ್ನು ಬರೆದರು. ಅದು ಕನ್ನಡದಲ್ಲಿ ಬರಲಿಲ್ಲವಲ್ಲ ಎಂಬ ವ್ಯಥೆ ನಮಗಿದೆ. ನರಗುಂದದಲ್ಲಿ ಹುಟ್ಟಿ ಬಾಗಲಕೋಟೆಯಲ್ಲಿ ದುಡಿದವರು ಸಂಸ್ಕೃತ, ಮರಾಠಿ, ಇಂಗ್ಲಿಷ್ ಮೂರರಲ್ಲಿಯೂ ಬರೆದರು. ನಮ್ಮ ನುಡಿಗೆ ಮಾತ್ರ ಪಾಲು ಸಿಗಲಿಲ್ಲ. ಆ ಕಾಲದ ಮುಂಬಯಿ ಕರ್ನಾಟಕದಲ್ಲಿ ವಿದ್ಯೆಯ ವ್ಯವಹಾರ ಯಾವ ಭಾಷೆಯಲ್ಲಿ ನಡೆಯುತ್ತಿತ್ತೆಂಬುದನ್ನು ಬಲ್ಲವರು ಇದಕ್ಕಾಗಿ ಅವರನ್ನು ದೂಷಿಸಲಾರರು.

1923ರಲ್ಲಿ ಮುಂಬಯಿಯ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯ ವಿಶೇಷ ಸಂಚಿಕೆಯಾಗಿ ಅವರ ಕಾಲಗಣನೆಯ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು. ಭಾರತದ ಮತ್ತು ಹೊರನಾಡುಗಳ ಶಕಸಂವತ್ಸರಗಳನ್ನು ಪರಸ್ಪರ ಹೊಂದಿಸುವುದೇ ಅದರ ವಿಷಯ. ಇಂಥ ಗ್ರಂಥದ ಉಪಯೋಗವನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ಮಹಾಕೂಟದಲ್ಲಿ ಬಾದಾಮಿಯ ಚಲುಕ್ಯ ಮಂಗಲೇಶನು ಮಕುಟೇಶ್ವರನಾಥನಿಗೆ ದತ್ತಿ ಬಿಟ್ಟು ಧರ್ಮಜಯಸ್ತಂಭವನ್ನು ನೆಡಿಸಿದನಷ್ಟೆ. ಆ ಕಂಬವನ್ನು ಈಗ ವಿಜಾಪುರದಲ್ಲಿ ಇರಿಸಲಾಗಿದೆ. ಅದರ ಶಾಸನದಲ್ಲಿ ಶಕವರ್ಷವಿಲ್ಲ; ರಾಜ್ಯದ ಐದನೆಯ ವರ್ಷ, ಸಿದ್ಧಾರ್ಥ ಸಂವತ್ಸರ, ವೈಶಾಖ ಪೂರ್ಣಿಮೆ ಎಂದಿಷ್ಟೇ ಇದೆ. ಇದು ಕ್ರಿಸ್ತಶಕ ಎಷ್ಟು? ನಮ್ಮ ಕಡೆ ಈಗ ರೂಢಿಯಲ್ಲಿರುವಂತೆ ವರ್ಷಕ್ಕೊಂದು ಹೆಸರಿನ ಲೆಕ್ಕದಲ್ಲಿ ಹಿಂದಕ್ಕೆ ಎಣಿಸಿ ನೋಡಿರಿ. 1979ರ ಯುಗಾದಿಗೆ ಆರಂಭವಾದದ್ದು ಸಿದ್ಧಾರ್ಥಿ; ಅರುವತ್ತು ಅರುವತ್ತಾಗಿ ಕಳೆಯುತ್ತ ಹೋದರೆ 599ಕ್ಕೆ ಬರುತ್ತೇವೆ. ಆದರೆ ಸಂವತ್ಸರವು ಮೂಲತಃ ಬೃಹಸ್ಪತಿಯ ನಡಿಗೆ. ಗುರುವು ಮಧ್ಯಮಗತಿಯಿಂದ ಒಂದು ರಾಶಿಯನ್ನು ದಾಟಲು ಸುಮಾರು 361 ದಿನ ಸಾಕು, ವರ್ಷ ತುಂಬಬೇಕಾಗಿಲ್ಲ. ಆದುದರಿಂದ ಸುಮಾರು 85 ವರ್ಷಕ್ಕೊಮ್ಮೆ ಒಂದು ಸಂವತ್ಸರ ಲೋಪವಾಗಬೇಕು. ದಕ್ಷಿಣದವರು ಬಹುಕಾಲದ ಹಿಂದೆಯೇ ಈ ಲೋಪವನ್ನು ಕೈಬಿಟ್ಟರು. ಗುರುವಿನ ನಿಜವಾದ ನಡಿಗೆಯನ್ನು ಹಿಡಿದ ಫ್ಲೀಟ್ ಸಾಹೇಬರಿಗೆ 602 ಸಿಕ್ಕಿತು. 595ರವರೆಗೂ ಹಿಂದೆ ಸರಿಸಿದ ವಿದ್ವಾಂಸರುಂಟು. ಒಂದು ಕಂಬದ ಮೇಲಿನ ಒಂದು ಪಂಕ್ತಿಗಾಗಿ ಆಕಾಶದ ಒಂದು ಗ್ರಹವನ್ನು ಹದಿನಾಲ್ಕು ಶತಮಾನ ಹಿಂದಕ್ಕೆ ನಡೆಸಬೇಕಾಗುತ್ತದೆ, ಕಾಲಗಣನೆಯೆಂದರೆ ಇದು.

ಕೇತಕರರ ಹೆಸರು ಸಮುದ್ರದಾಚೆಗೆ ಹೋದುದು ಇವುಗಳಿಂದಲ್ಲ, ಬೃಹಸ್ಪತಿಯ ಉಪಗ್ರಹಗಳಿಂದ. ಗುರುವಿಗೆ ನಾಲ್ಕು ದೊಡ್ಡ ಉಪಗ್ರಹಗಳಿವೆಯೆಂದು 1610ರಲ್ಲಿ ಗೆಲಿಲಿಯೋ ಕಂಡನು. ಅವುಗಳ ಪ್ರಕಾಶ ಬರಿಗಣ್ಣಿಗೆ ನಿಲುಕುವಷ್ಟೇ ಇದ್ದರೂ ಗುರುವಿನ ಪ್ರಭೆ ಅವನ್ನು ಮುಚ್ಚಿಬಿಡುತ್ತದೆ. ಮನುಷ್ಯನು ಮೊನ್ನೆ ಮಾಡಿದ ಉಪಗ್ರಹ ಬರಿಗಣ್ಣಿಗೆ ಕಾಣುತ್ತದೆ, ಗುರುವಿನ ಉಪಗ್ರಹಗಳು ಕಾಣುವುದಿಲ್ಲ. ಎಲ್ಲವೂ ದೂರದ ಮಹಿಮೆ. ಈ ನಾಲ್ಕರಲ್ಲಿ ಒಳಗಿನ ಮೂರು, ಅಯೋ, ಯುರೋಪಾ, ಗ್ಯಾನಿಮೀಡ್, ಒಂದು ವಿಚಿತ್ರ ತಾಳದಲ್ಲಿ ನಡೆಯುತ್ತವೆ. ಒಳಗಿನದು ನಾಲ್ಕು ಸುತ್ತು ಬರುವಷ್ಟರಲ್ಲಿ ಎರಡನೆಯದಕ್ಕೆ ಎರಡು ಸುತ್ತು, ಮೂರನೆಯದಕ್ಕೆ ಒಂದು. ಫ್ರಾನ್ಸಿನ ಮಹಾಗಣಿತಜ್ಞ ಲಾಪ್ಲಾಸನು ಈ ತಾಳ ತಪ್ಪದಂತೆ ಪರಸ್ಪರ ಗುರುತ್ವವೇ ಅವನ್ನು ಹಿಡಿದಿದೆಯೆಂದು ಸಾಧಿಸಿದ್ದನು. ಕೇತಕರರು ಈ ತಾಳವನ್ನು ಸೂರ್ಯನ ಹೊರಗಿನ ಗ್ರಹಗಳಿಗೆ ಅನ್ವಯಿಸಿ ನೋಡಿದರು. ಯುರೇನಸ್ ಸೂರ್ಯನನ್ನು ಸುತ್ತಲು 84 ವರ್ಷ, ನೆಪ್ಚೂನ್ ಸುಮಾರು 165 ವರ್ಷ. ಹೆಚ್ಚುಕಡಿಮೆ ಎರಡರಷ್ಟು. ಹಾಗಾದರೆ ಆಚೆಗೆ ಈ ತಾಳವನ್ನು ತುಂಬುವ ಮತ್ತೊಂದು ಗ್ರಹವಿರಬೇಡವೆ?

1911ರ ಮೇ ತಿಂಗಳಲ್ಲಿ, ಕಮೀಲ್ ಫ್ಲಮರಿಯೋನ್ ಸ್ಥಾಪಿಸಿದ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ಅವರ ಲೇಖನ ಅಚ್ಚಾಯಿತು. ನೆಪ್ಚೂನಿನಾಚೆಗೆ ಎರಡು ಗ್ರಹಗಳಿರಬೇಕು. ಅವುಗಳಿಗೆ ಬ್ರಹ್ಮ, ವಿಷ್ಣು ಎಂದು ಹೆಸರು. ಬ್ರಹ್ಮನ ದೂರ ಸೂರ್ಯನಿಂದ ಭೂಮಿಗಿರುವ ದೂರದ 38.95 ಪಟ್ಟು, ಪರಿಭ್ರಮಣಕಾಲ 242.28 ವರ್ಷ. ವೀಕ್ಷಣಾಲಯವಿಲ್ಲದ ಊರಿನಿಂದ ಅಂಚೆಯ ಮೂಲಕ ಹೋದ ಒಂದು ಲೆಕ್ಕ ಅದು. ಅಂದಿನ ಬಾಗಲಕೋಟೆಯ ಬೀದಿಗಳಲ್ಲಿ ಹಲವು ಇಂದು ಆಲಮಟ್ಟಿಯ ಹಿನ್ನೀರಿನ ಪಾಲಾಗಿವೆ. ಆ ಲೆಕ್ಕ ಮಾತ್ರ ಪ್ಯಾರಿಸಿನ ಪತ್ರಿಕೆಯಲ್ಲಿ ಉಳಿದಿದೆ.

ಹತ್ತೊಂಬತ್ತು ವರ್ಷಗಳು ಕಳೆದ ಮೇಲೆ ಅಮೆರಿಕದ ಲೋವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಂಬೋ ಎಂಬ ರೈತಕುಟುಂಬದ ತರುಣನು ಛಾಯಾಚಿತ್ರಗಳನ್ನು ಹೋಲಿಸಿ ನೋಡುತ್ತಿದ್ದಾಗ ಸ್ಥಾನ ಬದಲಿಸಿದ ಒಂದು ಮಂದವಾದ ಚುಕ್ಕೆಯನ್ನು ಕಂಡನು. 1930ರ ಮಾರ್ಚ್ 13ರಂದು ಜಗತ್ತಿಗೆ ಅದನ್ನು ಸಾರಲಾಯಿತು. ಪ್ಲೂಟೋ ಎಂಬ ಹೆಸರನ್ನು ಸೂಚಿಸಿದವಳು ಇಂಗ್ಲೆಂಡಿನ ಹನ್ನೊಂದು ವರ್ಷದ ಬಾಲಕಿ. ಅದರ ಸರಾಸರಿ ದೂರ 39.5, ಪರಿಭ್ರಮಣಕಾಲ 248 ವರ್ಷ. ಕೇತಕರರ ಬ್ರಹ್ಮನಿಗೂ ಇದಕ್ಕೂ ಇರುವ ಅಂತರ ಎಷ್ಟು ಅಲ್ಪವೆಂಬುದನ್ನು ಓದುಗರೇ ನೋಡಬಹುದು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕೇತಕರರೇ ಪ್ಲೂಟೋವನ್ನು ಕಂಡುಹಿಡಿದರೆಂದೂ, ಪಾಶ್ಚಾತ್ಯರು ಆ ಕೀರ್ತಿಯನ್ನು ಅಪಹರಿಸಿದರೆಂದೂ ಕೆಲವರು ಆವೇಶದಿಂದ ಬರೆಯುವುದುಂಟು. ಅದು ಸರಿಯಲ್ಲ. ಕೇತಕರರು ದೂರವನ್ನೂ ಕಾಲವನ್ನೂ ಹೇಳಿದರು. ಗ್ರಹವು ಆಕಾಶದ ಯಾವ ಭಾಗದಲ್ಲಿದೆಯೆಂಬುದನ್ನು ಹೇಳಲಿಲ್ಲ. 1846ರಲ್ಲಿ ಲೆವೆರಿಯೆ ನೆಪ್ಚೂನಿನ ಸ್ಥಾನವನ್ನೇ ಸೂಚಿಸಿದ್ದರಿಂದ ಬರ್ಲಿನ್ನಿನ ಗಾಲೆ ಅದೇ ರಾತ್ರಿ ಅದನ್ನು ಕಂಡನು. ಅಂಥ ಸೂಚನೆ ಇಲ್ಲಿರಲಿಲ್ಲ. ಅವರು ಹೇಳಿದ ವಿಷ್ಣು ಇಂದಿಗೂ ಸಿಕ್ಕಿಲ್ಲ. ಪ್ಲೂಟೋ ಅತಿ ಚಿಕ್ಕದೆಂಬುದು ತರುವಾಯ ತಿಳಿಯಿತು. 2006ರಲ್ಲಿ ಅದನ್ನು ಗ್ರಹಗಳ ಪಂಕ್ತಿಯಿಂದ ತೆಗೆದು ಕುಬ್ಜಗ್ರಹವೆಂದು ಪರಿಗಣಿಸಲಾಯಿತು. ಲೋವೆಲ್ಲನ ಸ್ವಂತ ಗಣಿತವೂ ಪ್ಲೂಟೋಗೆ ಹೊಂದಿದ್ದು ಆಕಸ್ಮಿಕವೇ ಎಂದು ಈಗ ಎಲ್ಲರೂ ಒಪ್ಪುತ್ತಾರೆ. ಆದರೂ ಒಂದು ಸಂಗತಿ ಉಳಿಯುತ್ತದೆ. ನೆಪ್ಚೂನ್ ಮೂರು ಸುತ್ತು ಬರುವಷ್ಟರಲ್ಲಿ ಪ್ಲೂಟೋ ಸರಿಯಾಗಿ ಎರಡು ಸುತ್ತು ಬರುತ್ತದೆ. ಆ ತಾಳ ತಪ್ಪುವುದಿಲ್ಲ. ಕೇತಕರರ ತಾಳದ ಲೆಕ್ಕ ಇದೇ ಅಲ್ಲದಿದ್ದರೂ, ನೆಪ್ಚೂನಿನಾಚೆಗೆ ತಾಳವೊಂದು ಇರಬೇಕೆಂಬ ಅವರ ಊಹೆ ಹುಸಿಯಾಗಲಿಲ್ಲ. ದೃಕ್ಪ್ರತ್ಯಯಕ್ಕಾಗಿ ಬಾಳಿದವರಿಗೆ ಕಂಡಷ್ಟನ್ನೇ ಸಲ್ಲಿಸುವುದು ಉಚಿತ. ಕಾಣದ್ದನ್ನು ಸೇರಿಸಿದರೆ ಅವರಿಗೇ ಅಪಚಾರ.

ಪ್ಲೂಟೋವನ್ನು ಬರಿಗಣ್ಣಿನಿಂದ ನೋಡಲು ಸಾಧ್ಯವಿಲ್ಲ, ಸಾಧಾರಣ ದೂರದರ್ಶಕಕ್ಕೂ ಅದು ನಿಲುಕದು. 2015ರ ಜುಲೈ 14ರಂದು ನ್ಯೂ ಹೊರೈಜನ್ಸ್ ಎಂಬ ನೌಕೆ ಅದರ ಪಕ್ಕದಲ್ಲಿ ಹಾದುಹೋಗಿ ಚಿತ್ರಗಳನ್ನು ಕಳುಹಿಸಿತು. ಬ್ರಹ್ಮನೆಂಬ ಹೆಸರು ಅಲ್ಲಿ ಯಾವ ಬೆಟ್ಟಕ್ಕೂ ದೊರೆಯಲಿಲ್ಲವೇನೋ, ಇರಲಿ.

ನಮ್ಮ ವಿದ್ಯಾರ್ಥಿಗಳು ನೋಡಬಹುದಾದ್ದು ಚಿತ್ತಾ ನಕ್ಷತ್ರವನ್ನು, ನೋಡಬಹುದಾದ್ದು ಉಪಗ್ರಹಗಳನ್ನು. ಮಹಾಕೂಟದ ಪುಷ್ಕರಿಣಿಯ ಬಳಿ ಗುಡ್ಡಗಳೂ ಆಲದ ಮರಗಳೂ ದಿಗಂತವನ್ನು ಮುಚ್ಚಿರುವುದರಿಂದ ಅಲ್ಲಿ ಅರ್ಧ ಆಕಾಶ ಮಾತ್ರ ದಕ್ಕುತ್ತದೆ. ಹೊಲದ ಬಯಲಿಗೋ ಮನೆಯ ಮಾಳಿಗೆಗೋ ಹೋಗುವುದು ಲೇಸು. ಚೈತ್ರ ವೈಶಾಖಗಳ ರಾತ್ರಿ ಸಪ್ತರ್ಷಿಮಂಡಲದ ಬಾಲದ ವಕ್ರರೇಖೆಯನ್ನು ಹಾಗೆಯೇ ದಕ್ಷಿಣಕ್ಕೆ ಎಳೆದರೆ ಮೊದಲು ಕೆಂಬಣ್ಣದ ಸ್ವಾತಿ, ಮುಂದೆ ಬಿಳಿಯ ಚಿತ್ತೆ. ಉಪಗ್ರಹಗಳಿಗೆ ಸಂಜೆಯ ಮೊದಲ ಎರಡು ತಾಸು, ಇಲ್ಲವೆ ಬೆಳಗಿನ ಕೊನೆಯ ಎರಡು ತಾಸು ತಕ್ಕ ಕಾಲ. ನಡುರಾತ್ರಿಯಲ್ಲಿ ಅವುಗಳಲ್ಲಿ ಬಹುಪಾಲು ಭೂಮಿಯ ನೆರಳಿನಲ್ಲಿರುತ್ತವೆ. ಒಂದರ ಹಿಂದೊಂದು ದೀಪಮಾಲೆಯಂತೆ ಸಾಗುವವು 2019ರಿಂದ ಗುಂಪುಗುಂಪಾಗಿ ಹಾರಿಸಲಾಗುತ್ತಿರುವ ಸ್ಟಾರ್‌ಲಿಂಕ್ ಉಪಗ್ರಹಗಳು. ಅವನ್ನು ಕಂಡು ಹೆದರಬೇಕಾಗಿಲ್ಲ. ಕಂಡ ಹೊತ್ತು, ಹಾದ ನಕ್ಷತ್ರ, ಆರಿದ ಸ್ಥಾನ, ಈ ಮೂರನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಮರುದಿನ ಮುಂಚಿತ ಗಣಿತದೊಡನೆ ಹೋಲಿಸಿರಿ.

ಕೇತಕರರ ಕೊನೆಯ ದಿನಗಳು ವಿಜಾಪುರದಲ್ಲಿ ಕಳೆದವು. ಪ್ಲೂಟೋವಿನ ವಾರ್ತೆ ಹೊರಟು ಐದು ತಿಂಗಳು ತುಂಬುವ ಮೊದಲೇ, 1930ರ ಆಗಸ್ಟ್ 3ರಂದು, ತಮ್ಮ ಎಪ್ಪತ್ತೇಳನೆಯ ವಯಸ್ಸಿನಲ್ಲಿ ಅವರು ಅಲ್ಲಿಯೇ ದೇಹಬಿಟ್ಟರು. ಇಂದು ಮಠಗಳಲ್ಲಿಯೂ ಮನೆಗಳಲ್ಲಿಯೂ ಗೋಡೆಗೆ ತೂಗುಹಾಕಿದ ಅನೇಕ ಪಂಚಾಂಗಗಳ ಮೊದಲ ಪುಟಗಳಲ್ಲಿ ದೃಗ್ಗಣಿತವೆಂದೋ ಚಿತ್ರಾಪಕ್ಷವೆಂದೋ ಅಚ್ಚಾಗಿರುತ್ತದೆ.